ಒಲುಚಿ ಓಗೊಟ್ಟದ್ದು

ಕಟುಕರ ಅಂಗಡಿಯ ಮೇಕೆ ಕೊಂಬುಗಳನ್ನು ಸೈಕಲ್ ಟ್ಯೂಬಿನಿಂದ ತಲೆಗೆ ಬಿಗಿದು, ತಾಯಿಯ ಕೆಂಪು ಬಟ್ಟೆ ಸುತ್ತಿಕೊಂಡು ಟೋಚಿ ಸೈತಾನನಾಗಿದ್ದ. ಸೈತಾನನಿಗೆ ಮೂಗು ಸೋರುತ್ತಿತ್ತು. ಬೀದಿಗೊಂದು ಸಿನಿಮಾ ತಯಾರಾಗುವ ಅಸಾಬಾ ಪಟ್ಟಣದಲ್ಲಿ ಹುಡುಗರು ಮಾತ್ರ ಸುಮ್ಮನೆ ಕೂರುತ್ತಾರೆಯೇ? ಅರ್ಧಕ್ಕೆ ನಿಂತ ಮನೆಯೊಂದು ಅವರ ಸ್ಟುಡಿಯೊ, ಡುಬೆಮನ ಗಾಜು ಸೀಳಿದ ಮೊಬೈಲು ಕ್ಯಾಮೆರಾ. ನಿರ್ದೇಶಕನೂ ಅವನೇ. ನಾಯಕಿ ಒಲುಚಿ. ಕಥೆಯಲ್ಲಿ ಅವಳ ಹೆಸರು ಜೆನಿಫರ್. ಪರೀಕ್ಷೆ ಪಾಸಾಗಬೇಕು, ಮೊಡವೆ ಹೋಗಬೇಕು ಎಂದು ಸೈತಾನನೊಡನೆ ವ್ಯಾಪಾರ ಕುದುರಿಸುವವಳು.

ಸೈತಾನ ಗೋಡೆಯ ಮರೆಯಿಂದ ಹೆಸರು ಹಿಡಿದು ಕರೆಯಬೇಕಿತ್ತು.

"ಒಲುಚೀ!" ಟೋಚಿ ಕಥೆಯ ಹೆಸರು ಮರೆತು ನಿಜವಾದ ಹೆಸರನ್ನೇ ಕೂಗಿಬಿಟ್ಟ.

"ಹಾಂ, ಬಂದೆ!" ಅವಳೂ ಅಭ್ಯಾಸಬಲದಿಂದ ಓಗೊಟ್ಟಳು.

"ಪಾಸ್ ಮಾಡಿಸ್ತೀನಿ. ಬದಲಿಗೆ ಯಾರನ್ನ ಕೊಡ್ತೀಯ?"

"ನಮ್ಮಮ್ಮನ್ನ ತಗೋ. ಆದ್ರೆ ಬೈಗಳ ತಡ್ಕೊಳಕ್ಕಾಗ್ಲಿಲ್ಲ ಅಂತ ವಾಪಸ್ ತರಂಗಿಲ್ಲ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಒಲುಚಿಯ ನಗು ಮಾತ್ರ ಅರ್ಧಕ್ಕೇ ನಿಂತಿತು. ಮುಖ ಕಾಣದವರು ಹೆಸರು ಕರೆದರೆ ಓಗೊಡಬಾರದು, ಓಗೊಟ್ಟವರು ಕರೆದವನ ಪಾಲು. ಅಲ್ಲಿನ ಇಗ್ಬೊ ಜನರ ಮನೆಗಳಲ್ಲಿ ಮಕ್ಕಳಿಗೆ ಮಾತು ಬರುವ ಮೊದಲೇ ಬರುವ ಎಚ್ಚರ ಇದು. ಅವಳು ಓಗೊಟ್ಟಿದ್ದಳು, ಅದೂ ಸ್ವಂತ ಹೆಸರಿಗೆ. ಅದೇ ಬಾಯಲ್ಲಿ ಅಮ್ಮನನ್ನೂ ಕೊಟ್ಟಿದ್ದಳು.

"ಟುಫಿಯಾಕ್ವಾ!" ಎಂದು ತಲೆಯ ಸುತ್ತ ಚಿಟಿಕೆ ಹೊಡೆದು ಕೆಟ್ಟದ್ದನ್ನು ಕಳೆದುಕೊಳ್ಳಲು ನೋಡಿದಳು. "ಡುಬೆಮ್, ಅದನ್ನ ಅಳಿಸೋ."

"ಹೋಗೇ! ಇಷ್ಟ್ ಚೆನ್ನಾಗ್ ಬಂದಿದೆ."

"ನಮ್ಮಮ್ಮಂಗೆ ಉಬ್ಬಸ ಕಣೋ!"

"ಈ ಸಿಂಬಳಸುರುಕ ಯಾರನ್ನ ಹೊತ್ಕೊಂಡ್ ಹೋಗ್ತಾನೆ? ಅವನ ಬಟ್ಟೇನೇ ನಿಲ್ತಿಲ್ಲ."

ಅವಳು ಅಮ್ಮನಿದ್ದ ಕಡೆಗೆ ಓಡಿದಳು.

ಅಮ್ಮ ಅಲಸಂದೆ ವಡೆ ಕರಿದು ಮಾರುವ ಬೀದಿ ಮೂಲೆಯಲ್ಲಿ ಎಣ್ಣೆ ಕುದಿಯುತ್ತಿತ್ತು, ವಡೆಗಳು ಕರಕಲಾಗುತ್ತಿದ್ದವು. ಅಮ್ಮ ಇರಲಿಲ್ಲ. ಒಂದು ವಡೆ ಸೀದರೂ ಸಹಿಸದ ಹೆಂಗಸು ಅವಳು.

"ಎದೆ ಬಿಗೀತಿದೆ, ಉಬ್ಬಸದ ಪಂಪು ತರ್ತೀನಿ ಅಂತ ಮನೆಗ್ ಹೋದ್ಲು ಕಣೇ," ಎಂದಳು ಪಕ್ಕದಲ್ಲಿ ಕಿತ್ತಳೆ ಮಾರುವವಳು. "ಇನ್ನೂ ಬಂದಿಲ್ಲ."

ವಠಾರದಲ್ಲಿ ಕರೆಂಟಿರಲಿಲ್ಲ. ಎಲ್ಲರೂ ಮಾರುಕಟ್ಟೆಗೆ ಹೋಗಿದ್ದರು. ಎರಡೂ ಬದಿ ಮುಚ್ಚಿದ ಬಾಗಿಲುಗಳ ನಡುವೆ ಓಣಿ ಹಗಲಲ್ಲೇ ಕಪ್ಪಾಗಿತ್ತು. ತಮ್ಮ ಕೋಣೆ ಖಾಲಿ.

"ಅಮ್ಮಾ?"

ಓಣಿಯ ಆ ತುದಿಯಿಂದ, "ಒಲುಚೀ!"

ಅಮ್ಮನದೇ ದನಿ. ಆದರೆ ತುಂಬು ದನಿ, ಏದುಸಿರಿನ ಸುಳಿವೇ ಇಲ್ಲದ ದನಿ. ಒಲುಚಿ ನಿಂತಲ್ಲೇ ನಿಂತಳು. ವಾಪಸ್ ಓಡಿಹೋಗಿ ಯಾರನ್ನಾದರೂ ಕರೆತರಲೇ? ಅಷ್ಟರಲ್ಲಿ ಅಮ್ಮನಿಗೆ ಏನಾದರೂ ಆದರೆ?

"ಒಲುಚೀ!"

ಅವಳಿಗೆ ಅಳು ಬಂತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಕೊನೆಗೆ ತಾನೇ ಕೈ ತೆಗೆದಳು.

"ಬಂದೆ! ನಾನೇ ಬರ್ತೀನಿ, ನನ್ನ ಕರ್ಕೊಂಡ್ ಹೋಗು! ಅಮ್ಮನ್ನ ಬಿಟ್ಬಿಡು!"

ದನಿ ಬಂದ ಕಡೆಗೆ ಓಡಿದಳು. ಬಚ್ಚಲ ಬಾಗಿಲ ಹಿಂದೆ ಅಮ್ಮ ಕುಸಿದು ಬಿದ್ದಿದ್ದಳು, ತುಟಿ ಕಪ್ಪಿಟ್ಟಿತ್ತು. ಪಂಪು ಕೈಗೆ ಎಟುಕದಷ್ಟು ದೂರ ಉರುಳಿತ್ತು. ಒಲುಚಿ ಅದನ್ನು ಅಮ್ಮನ ಬಾಯಿಗಿಟ್ಟು ಒತ್ತಿದಳು, ಮತ್ತೆ ಒತ್ತಿದಳು. ಬಹಳ ಹೊತ್ತಾದ ಮೇಲೆ ಎದೆ ಏರಿತು, ಇಳಿಯಿತು.

ಗೋಡೆಗೊರಗಿ ಕೂತ ಅಮ್ಮ ಮಗಳ ಕೆನ್ನೆ ಸವರಿದಳು. "ಇಲ್ಲಿ ಬಿದ್ದಿದೀನಿ ಅಂತ ಹೆಂಗೆ ಗೊತ್ತಾಯ್ತೇ?"

"ನೀನೇ ಕೂಗಿದ್ಯಲ್ಲಮ್ಮಾ."

"ನಾನಾ? ಉಸಿರಿಗೇ ಗತಿಯಿರ್ಲಿಲ್ಲ, ಕೂಗು ಎಲ್ಲಿಂದ ಬರ್ಬೇಕು! ತುಟೀನೂ ಅಲ್ಲಾಡ್ಸಕ್ಕಾಗ್ಲಿಲ್ಲ ಕಣೆ."

ಅಮ್ಮ ಅವಳ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಒಲುಚಿಗೆ ಆ ತಲೆಯ ಭಾರ ಎಷ್ಟು ಹಿತವಾಗಿತ್ತೋ ಅಷ್ಟೇ ಹೆದರಿಕೆ. ಅಮ್ಮ ಉಳಿದಳು, ಅದಕ್ಕಾಗಿ ತನ್ನನ್ನೇ ಕೊಟ್ಟದ್ದಕ್ಕೆ ಒಲುಚಿ ಎಂದೂ ಪಶ್ಚಾತ್ತಾಪ ಪಡುವವಳಲ್ಲ. ಆದರೆ ಅಮ್ಮನ ದನಿಯಲ್ಲಿ ಕರೆದ ಯಾರಿಗೋ ತಾನು ಮಾತು ಕೊಟ್ಟಿರುವುದನ್ನು ಮಾತ್ರ ಅಮ್ಮನಿಗೆ ಹೇಳಲಿಲ್ಲ.