ಬಾಗಿಲು ತೆರೆದಿಟ್ಟ ಸಭೆ

ಅಮೆರಿಕದ ರೆಡ್ ನದಿಯ ಬಯಲಿನಲ್ಲಿ ಆಗ ನಾಲ್ಕು ಹೊಲ ದಾಟಿದರೆ ಒಂದು ಶಾಲೆ, ಶಾಲೆಗೊಂದು ಊರವರೇ ಆರಿಸಿದ ಮಂಡಳಿ. ಈಗ ಎಲ್ಲವನ್ನೂ ಕೂಡಿಸಿ ಪೇಟೆಯಲ್ಲಿ ದೊಡ್ಡ ಇಟ್ಟಿಗೆ ಕಟ್ಟಡ ಎಬ್ಬಿಸಿದ್ದಾರೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ಆಲ್ಮಾಗೆ ನೆನಪಾಗುವುದು ತಮ್ಮ ಬಿಳಿ ಬಣ್ಣದ ಒಂಟಿ ಕೋಣೆಯ ಶಾಲೆಯೇ: ಅದರ ಕಲ್ಲಿದ್ದಲ ಒಲೆ, ಒದ್ದೆ ಉಣ್ಣೆಯ ಕೈಗವಸುಗಳ ವಾಸನೆ, ಮಕ್ಕಳ ಡೆಸ್ಕಿನಲ್ಲಿ ಮೊಣಕಾಲು ಮಡಚಿ ಕೂತ ಮಂಡಳಿಯ ಮೂವರು ದೊಡ್ಡವರು.

ಆ ಮೂವರಲ್ಲಿ ಆಲ್ಮಾ ಸೇರಿದ್ದು ತಮಾಷೆಯಿಂದ. ಮತಪತ್ರದಲ್ಲಿ ಅವಳ ಹೆಸರೇ ಇರಲಿಲ್ಲ. ಅವಳ ಅಣ್ಣಂದಿರು ನಗುತ್ತ ಖಾಲಿ ಗೆರೆಯ ಮೇಲೆ ಅವಳ ಹೆಸರು ಗೀಚಿದರು, ಅಕ್ಕಪಕ್ಕದವರೂ ಗೀಚಿದರು, ಆರಿಸಿ ಬಂದಳು. ಅಧ್ಯಕ್ಷ ಓರ್ಲಿನ್ ಸ್ಕಾರ್. ಅರವತ್ತರ ರೈತ, ಅವಳು ಹುಟ್ಟುವ ಮೊದಲಿಂದಲೂ ಮಂಡಳಿಯಲ್ಲಿದ್ದವನು. ಮೂರನೆಯವನು ಧಾನ್ಯದ ಉಗ್ರಾಣ ನೋಡಿಕೊಳ್ಳುತ್ತಿದ್ದ ಕ್ಲಿಫರ್ಡ್. ಯಾರು ಕೊನೆಗೆ ಮಾತಾಡಿದರೋ ಅವರದ್ದೇ ಸರಿ ಎನ್ನುವ ಮೆತ್ತನೆಯ ಮನುಷ್ಯ.

ಆ ವರ್ಷ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಕೀಳಲು ಟೆಕ್ಸಾಸಿನಿಂದ ಬಂದ ಸೆರ್ನಾ ಕುಟುಂಬ ಕಾಲುವೆಯ ಪಕ್ಕದ ಹಲಗೆ ಮನೆಯಲ್ಲಿ ಇಳಿದಿತ್ತು. ಒಂದು ಬೆಳಿಗ್ಗೆ ತಾಯಿ ಎಲೋದಿಯಾ ಮೂರು ಮಕ್ಕಳಿಗೆ ತಲೆ ಬಾಚಿ ಶಾಲೆಗೆ ನಡೆಸಿಕೊಂಡು ಹೊರಟಳು. ಎದುರಿಗೆ ಓರ್ಲಿನ್‌ನ ಟ್ರಕ್ ಬಂತು. ಕಿಟಕಿಯಿಂದಲೇ ಅವನು, "ಶಾಲೇಲಿ ಜಾಗ ಇಲ್ಲಮ್ಮ, ವಾಪಸ್ ಕರ್ಕೊಂಡು ಹೋಗು" ಅಂದ. ಅವಳು ತಿರುಗಿ ಹೋದಳು.

ಸುದ್ದಿ ಕೇಳಿ ಆಲ್ಮಾಗೆ ಮೈಯೆಲ್ಲ ಉರಿಯಿತು. ನೇರ ಶಾಲೆಗೆ ಹೋಗಿ, "ನಾನು ಹೇಳ್ತಿದೀನಿ, ನಾಳೆ ಆ ಮಕ್ಕಳನ್ನ ಸೇರಿಸ್ಕೋ" ಎಂದು ಟೀಚರ್ ಡಾಗ್ನಿಗೆ ಅಪ್ಪಣೆ ಮಾಡಿದಳು. ಡಾಗ್ನಿ ಸೀಮೆಸುಣ್ಣ ಕೆಳಗಿಟ್ಟಳು.

"ಅವರು ಬೇಡ ಅಂತಾರೆ, ನೀವು ಸೇರಿಸು ಅಂತೀರ. ನಾನು ಯಾರ ಮಾತು ಕೇಳ್ಲಿ ಹೇಳಿ?"

ಅದನ್ನೇ ಕೇಳಲು ಆಲ್ಮಾ ಜಿಲ್ಲಾಕೇಂದ್ರಕ್ಕೆ ಹೋಗಿ ಶಾಲೆಗಳ ಮೇಲ್ವಿಚಾರಕಿ ಮಿಸೆಸ್ ಕೆಟಲ್‌ಸನ್ ಎದುರು ಕೂತು ಎಲ್ಲವನ್ನೂ ಹೇಳಿಕೊಂಡಳು. ಆಕೆ ಗಟ್ಟಿಯಾಗಿ ನಕ್ಕಳು.

"ರಸ್ತೇಲಿ ನಿಂತ ಓರ್ಲಿನ್‌ಗೆ ನಮ್ಮನೆ ಬೆಕ್ಕಿಗಿರೋಷ್ಟು ಅಧಿಕಾರಾನೂ ಇಲ್ಲ. ಊರಲ್ಲಿ ವಾಸ ಇರೋ ಮಕ್ಕಳನ್ನ ಬೇಡ ಅನ್ನೋಕೆ ಆಗಲ್ಲ, ಕಾನೂನು ಇದೆ."

"ನಾನೂ ಅದೇ ಅಂದಿದ್ದು!" ಎಂದಳು ಆಲ್ಮಾ.

"ತಡಿ ತಡಿ, ಹಿಗ್ಗಬೇಡ. ಶಾಲೇಲಿ ಒಬ್ಬಳೇ ನಿಂತ ನಿನಗೂ ಅಷ್ಟೇ ಅಧಿಕಾರ. ಒಬ್ಬೊಬ್ಬರು ಬಿಡಿಬಿಡಿಯಾಗಿ ಮಂಡಳಿ ಅಲ್ಲ ಕಣೆ. ಮೊದಲೇ ಊರಿಗೆ ತಿಳಿಸಿ, ಬಾಗಿಲು ತೆಗೆದಿಟ್ಟು, ಒಟ್ಟಿಗೆ ಕೂತು ಕೈ ಎತ್ತಿದಾಗ ಮಾತ್ರ ಮಂಡಳಿ. ಹೋಗು, ಸಭೆ ಕರೆಸು."

ಮನೆಗೆ ಮರಳುವ ದಾರಿಯುದ್ದಕ್ಕೂ ಆಲ್ಮಾಗೆ ನಾಚಿಕೆ. ಓರ್ಲಿನ್ ಮಾಡಿದ್ದನ್ನೇ ತಾನೂ ಮಾಡಿದ್ದಳು, ಬೇರೆ ದಿಕ್ಕಿಗೆ ಅಷ್ಟೇ.

ಓರ್ಲಿನ್ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದ. ಹಸುವಿನ ಪಕ್ಕೆಯಿಂದ ತಲೆ ಎತ್ತದೆಯೇ ಕೇಳಿಸಿಕೊಂಡ.

"ಸಭೆ ಯಾಕಮ್ಮ? ಕ್ಲಿಫರ್ಡ್‌ನ ಕರೀತೀನಿ, ನಮ್ಮನೆ ಅಡಿಗೆಮನೇಲಿ ಕೂತು ಮಾತಾಡಣ. ಕಾಫಿ ಕುಡಿದ ಹಾಗೂ ಆಯ್ತು."

"ನಿಮ್ಮನೆ ಕಾಫಿ ಕುಡಿಯೋಕೆ ಇನ್ನೊಂದಿನ ಬರ್ತೀನಿ. ಇದು ಶಾಲೇಲೇ ಆಗ್ಬೇಕು. ಬಾಗಿಲ ಮೇಲೆ ಚೀಟಿ ಅಂಟಿಸ್ಬೇಕು."

"ಕೆಟಲ್‌ಸನ್ ಹತ್ರ ಹೋಗಿ ಬಂದಿದೀಯ ಅನ್ನು."

"ಹೋಗಿದ್ದೆ. ನನಗೂ ಬೈದು ಕಳಿಸಿದ್ರು."

ಅದನ್ನು ಕೇಳಿ ಮುದುಕನ ಮೀಸೆ ಸ್ವಲ್ಪ ಅಲುಗಿತು. "ಆಗಲಿ, ಶನಿವಾರ ಮಧ್ಯಾಹ್ನ" ಎಂದ. ಚೀಟಿ ಅವನೇ ಅಂಟಿಸಿದ.

ಶನಿವಾರ ಜೋರು ಮಳೆ. ಬೀಟ್ ಹೊಲಗಳು ಕೆಸರಾಗಿ ಕೆಲಸ ನಿಂತು, ಊರಿಗೆ ಊರೇ ಶಾಲೆಯಲ್ಲಿತ್ತು. ಹೆಂಗಸರು ಕೇಕು, ಆಲೂಗಡ್ಡೆಯ ತೆಳು ರೊಟ್ಟಿ ತಂದಿದ್ದರು. ಕ್ಲಿಫರ್ಡ್‌ನ ಹೆಂಡತಿ ಮರ್ಟಲ್ ಹಿಂದಿನ ಸಾಲಿನಲ್ಲಿ ಸ್ವೆಟರ್ ಹೆಣೆಯುತ್ತಿದ್ದಳು. ಸಭೆ ಶುರುವಾಗುವ ಹೊತ್ತಿಗೆ ಎಲೋದಿಯಾ ದೊಡ್ಡ ಮಗಳು ನೀವೆಸ್‌ಳ ಕೈ ಹಿಡಿದು ಬಾಗಿಲಲ್ಲಿ ನಿಂತಳು. ಕೂತವರೆಲ್ಲ ತಿರುಗಿ ನೋಡಿದರು. ಯಾರೋ, "ಇವರೇನು ಇಲ್ಲಿ?" ಎಂದರು.

ಆಲ್ಮಾ ಬಾಯಿ ತೆರೆಯುವಷ್ಟರಲ್ಲಿ ಓರ್ಲಿನ್, "ಇದು ಎಲ್ಲರ ಸಭೆ. ಕೂರಲಿ" ಎಂದ. ಮರ್ಟಲ್ ನೂಲಿನ ಚೀಲ ಎತ್ತಿ ಪಕ್ಕದಲ್ಲಿ ಜಾಗ ಮಾಡಿದಳು.

ಮೊದಲು ಓರ್ಲಿನ್ ಮಾತಾಡಿದ. ಸುತ್ತು ಬಳಸಲಿಲ್ಲ. ಡೆಸ್ಕುಗಳು ಸಾಲವು, ಟೀಚರ್ ಒಬ್ಬಳೇ, ಹಿಮ ಬೀಳುವ ಮೊದಲು ಹೋಗಿಬಿಡುವವರಿಗಾಗಿ ನಮ್ಮ ಮಕ್ಕಳ ಪಾಠ ಕೆಡಬಾರದು ಎಂದ. ಕ್ಲಿಫರ್ಡ್ ತಲೆ ಆಡಿಸಿದ. ಆಮೇಲೆ ಆಲ್ಮಾ ಕಾನೂನು ಹೇಳಿದಳು. ಕ್ಲಿಫರ್ಡ್ ಅದಕ್ಕೂ ತಲೆ ಆಡಿಸಿದ.

"ಏನ್ರೀ, ಎರಡು ಕಡೆಗೂ ಆಡಿಸಿ ಆಡಿಸಿ ಕತ್ತು ಉಳುಕೀತು" ಎಂದಳು ಮರ್ಟಲ್. ಕೋಣೆ ಗೊಳ್ಳೆಂದಿತು.

ಕ್ಲಿಫರ್ಡ್ ಕೆಂಪಾಗಿ, ಏನಾದರೂ ಕೇಳಬೇಕಲ್ಲ ಎಂದು ಎಲೋದಿಯಾಳ ಕಡೆ ತಿರುಗಿದ. "ಹೇಗಿದ್ರೂ ಬೇಗ ಹೊರಟುಬಿಡ್ತೀರಲ್ಲಮ್ಮ. ಅಷ್ಟರಲ್ಲಿ ಏನು ಕಲೀತಾರೆ ಮಕ್ಕಳು?"

ತಾಯಿ ತನ್ನ ಭಾಷೆಯಲ್ಲಿ ಹೇಳಿದಳು, ಮಗಳು ನೆಲ ನೋಡುತ್ತ ಇಂಗ್ಲಿಷಿಗೆ ತಿರುಗಿಸಿದಳು.

"ಅಮ್ಮ ಏನಂತಾಳಂದ್ರೆ, ಎಲ್ಲ ಕಡೇನೂ ನಾನು ಅದೇ ಪುಸ್ತಕದ ಮೊದಲರ್ಧ ಓದಿದೀನಿ. ಅರ್ಧ ಆಗೋಷ್ಟರಲ್ಲಿ ಹೊಲದ ಕೆಲಸ ಮುಗಿಯುತ್ತೆ. ಬೇರೆ ಊರಲ್ಲಿ ಮತ್ತೆ ಮೊದಲಿಂದ." ಅವಳು ತಡೆದು, ಈ ಸಲ ತಾಯಿಗೆ ಕಾಯದೆ ತಾನೇ ಸೇರಿಸಿದಳು: "ಕಳೆದುಹೋದ ಕುದುರೆ ಸಿಕ್ತೋ ಇಲ್ವೋ ನಂಗಿನ್ನೂ ಗೊತ್ತಿಲ್ಲ."

ಪುಸ್ತಕದ ಆ ಕುದುರೆಯ ಪಾಠ ಓದದೆ ಬೆಳೆದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಛಾವಣಿಯ ಮೇಲೆ ಮಳೆ ಬಡಿಯುತ್ತಿತ್ತು. ಕ್ಲಿಫರ್ಡ್ ಹೆಂಡತಿಯ ಕಡೆ ನೋಡಿದ. ಅವಳು ಹೆಣಿಗೆಯಿಂದ ಕಣ್ಣೆತ್ತಲಿಲ್ಲ. ಓರ್ಲಿನ್ ಮತಕ್ಕೆ ಹಾಕಿದ. ಆಲ್ಮಾ ಕೈ ಎತ್ತಿದಳು. ಕ್ಲಿಫರ್ಡ್‌ನ ಕೈ ಮೊದಲು ಕಿವಿ ತುರಿಸಿತು, ಆಮೇಲೆ ಮೇಲಕ್ಕೆ ಹೋಯಿತು.

"ನಾನು ವಿರುದ್ಧ" ಎಂದ ಓರ್ಲಿನ್. "ಇಬ್ಬರು ಪರ. ತೀರ್ಮಾನ ಆಯ್ತು." ಟೋಪಿ ಹಾಕಿಕೊಂಡು ಮಳೆಯಲ್ಲೇ ಹೊರಟುಹೋದ. ಗೆದ್ದೆನೆಂದು ಅಂದುಕೊಂಡರೂ ಆಲ್ಮಾಗೆ ಬಾಯಲ್ಲಿಟ್ಟ ಕೇಕು ರುಚಿಸಲಿಲ್ಲ. ಚಿಕ್ಕಂದಿನಲ್ಲಿ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿಮ ದಾಟಿಸಿದ ಮನುಷ್ಯ ಅವನು.

ಸೋಮವಾರ ಬೆಳಿಗ್ಗೆ ಮಕ್ಕಳನ್ನು ತಾನೇ ಕರೆತರೋಣವೆಂದು ಆಲ್ಮಾ ಕಾಲುವೆಯ ಕಡೆ ಹೋದಾಗ, ಹಲಗೆ ಮನೆಯ ಮುಂದೆ ಓರ್ಲಿನ್‌ನ ಟ್ರಕ್ ನಿಂತಿತ್ತು. ಹಿಂಬದಿಯಲ್ಲಿ ಮೂರು ಹಳೆಯ ಡೆಸ್ಕು, ಅವನ ಮನೆಯ ಅಟ್ಟದಿಂದ ಇಳಿಸಿದ್ದು. ಮಕ್ಕಳು ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದವು.

"ನೀವು ವಿರುದ್ಧ ಅಲ್ವಾ?" ಎಂದಳು ಆಲ್ಮಾ ಬೆರಗಾಗಿ.

"ಈಗಲೂ ವಿರುದ್ಧಾನೇ. ಆದ್ರೆ ಮಂಡಳಿ ಹೇಳಿದ ಮೇಲೆ ಮುಗೀತು. ಇಷ್ಟು ದೂರದ ಮಕ್ಕಳನ್ನ ಕರ್ಕೊಂಡು ಬರೋದು ಮಂಡಳಿ ಹೊಣೆ. ಅಧ್ಯಕ್ಷ ಯಾರು? ನಾನು. ಸರಿ, ದಾರಿ ಬಿಡು, ಗಂಟೆ ಹೊಡೀತಾರೆ."

ಅಂದಿನಿಂದ ದಿನವೂ ಅವನೇ ಕರೆತಂದ. ದಾರಿಯಲ್ಲಿ ಸಣ್ಣವನು ಅವನಿಗೆ ತನ್ನ ಭಾಷೆಯಲ್ಲಿ ಹಸು, ಮೋಡ, ಚಕ್ರ ಎಲ್ಲದರ ಹೆಸರು ಕಲಿಸಿದನಂತೆ. ಉಗ್ರಾಣದಲ್ಲಿ ಓರ್ಲಿನ್ ಅವನ್ನು ತಪ್ಪುತಪ್ಪಾಗಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ.

ಮೊದಲ ಹಿಮ ಬೇಗನೆ ಬಿತ್ತು, ಸೆರ್ನಾ ಕುಟುಂಬ ಹೊರಡುವ ಹೊತ್ತಾಯಿತು. ಡಾಗ್ನಿ ನೀವೆಸ್‌ಗೆ ಕುದುರೆಯ ಪಾಠವಿದ್ದ ಆ ಪುಸ್ತಕ ಕೊಟ್ಟು ಕಳಿಸಬೇಕೆಂದಿದ್ದಳು. ಆದರೆ ಶಾಲೆಯ ಸ್ವತ್ತು ಟೀಚರ್ ಕೊಡುವಂತಿಲ್ಲ. ಓರ್ಲಿನ್ ಮತ್ತೆ ಚೀಟಿ ಅಂಟಿಸಿ ಸಭೆ ಕರೆದ. "ಪುಸ್ತಕ ಹಳೇದಾಗಿದೆ, ಶಾಲೆಗೆ ಇನ್ನು ಬೇಡ, ಬೇಕಾದವರು ಒಯ್ಯಬಹುದು ಅಂತ ಸೂಚಿಸ್ತೀನಿ" ಎಂದ. ಪುಸ್ತಕಕ್ಕೆ ಹೊಸ ರಟ್ಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಮೂರು ಕೈ ಒಟ್ಟಿಗೆ ಎದ್ದವು.

ಮರುವರ್ಷ ಬೀಟ್ ಕೀಳುವ ಯಂತ್ರಗಳು ಬಂದವು, ಹೊರಗಿನ ಕೂಲಿಯವರು ಬೇಕಾಗಲಿಲ್ಲ. ಹಲಗೆ ಮನೆಯ ಕಿಟಕಿಗೆ ಅಡ್ಡಪಟ್ಟಿ ಹೊಡೆದರು. ಶಾಲೆ ತೆರೆಯುವ ಮುನ್ನಾದಿನ ಒಲೆಯ ಕೊಳವೆ ತರಲು ಆಲ್ಮಾ ಓರ್ಲಿನ್‌ನ ಜೊತೆ ಪೇಟೆಗೆ ಹೊರಟಿದ್ದಳು. ಅವನು ನೇರ ರಸ್ತೆ ಬಿಟ್ಟು ಕಾಲುವೆಯ ದಾರಿ ಹಿಡಿದ. ಹಲಗೆ ಮನೆಯ ಮುಂದೆ ಟ್ರಕ್ ನಿಧಾನ ಮಾಡಿ, ಇಂಜಿನ್ ಆರಿಸದೆ ಸ್ವಲ್ಪ ಹೊತ್ತು ನಿಂತ.

"ಯಾರೂ ಬಂದಿಲ್ಲ" ಎಂದಳು ಆಲ್ಮಾ ಮೆಲ್ಲಗೆ.

"ಬಂದಿಲ್ಲ" ಎಂದ ಓರ್ಲಿನ್. "ಬರ್ತಾರೇನೋ ಅಂದ್ಕೊಂಡಿದ್ದೆ."