ಅವರ ಖಾತೆಯ ಕರೆಂಟ್

ಇಂಥದ್ದನ್ನು ಹೇಳುವಷ್ಟು ಓದಿದವರು ಬೇರೆ ಇದ್ದಾರೆ. ಎಲ್ಲಾದರೂ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಪ್ರಯೋಗಾಲಯದ ಕೆಲಸ ಮುಗಿಸಿ ಬಂದ ಸೊಸೆ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಪಾತ್ರೆ ತೊಳೆಯುತ್ತಿದ್ದ ಅತ್ತೆಯ ಮೊಣಕಾಲಿಗೆ ಮಾವನ ಕಾಲಲ್ಲಿರಬೇಕಿದ್ದ ಪಟ್ಟಿ ಅಂಟಿತ್ತು, ತಂತಿಯ ತುದಿಯ ಪುಟ್ಟ ಮೀಟರು ಸೊಂಟದಲ್ಲಿ ಸಿಕ್ಕಿಕೊಂಡಿತ್ತು.

ಗಂಜಿಯಿಂದ ಮಾಡಿದ ತೆಳು ಪಟ್ಟಿ ಅದು. ಮಡಚಿದಾಗಲೆಲ್ಲ ಚೂರು ಕರೆಂಟು ಹುಟ್ಟುತ್ತದೆ, ಮೀಟರಿನ ಮುಳ್ಳು ಏರಿ ಅಲ್ಲೇ ನಿಲ್ಲುತ್ತದೆ. ಹಳತಾದರೆ ಮಣ್ಣಿಗೆ ಹಾಕಿದರಾಯಿತು, ಕರಗುತ್ತದೆ. ಲಕ್ವ ಹೊಡೆದ ಮಾವನ ಕಾಲಿಗೆಂದು ಪ್ರಯೋಗಾಲಯದಲ್ಲಿ ಅವಳೇ ಕೇಳಿ ತಂದಿದ್ದಳು. ಮುಳ್ಳು ಏಳದಿದ್ದರೆ ಕಾಲು ಮಡಚುವ ಅಭ್ಯಾಸವನ್ನೇ ಬಿಡುತ್ತೇನೆಂದು ಮಾವ ಹಟ ಹಿಡಿದಿದ್ದರು. ಮುಳ್ಳು ಎದ್ದಿತ್ತು. ಕಾಲು ಚಿಗುರುತ್ತಿದೆ ಎಂದು ಅವಳು ಅಲ್ಲಿನ ಮೇಲಧಿಕಾರಿಗಳಿಗೂ ಹೇಳಿಬಿಟ್ಟಿದ್ದಳು.

"ಅತ್ತೆ, ಇದು ನಿಮ್ಮ ಕಾಲಲ್ಲಿ?"

"ಮೆಲ್ಲಗೆ ಮಾತಾಡೇ, ಮಲಗಿದ್ದಾರೆ. ನಾನು ಹೇಗಿದ್ರೂ ಗಾಣದೆತ್ತಿನ ಹಾಗೆ ಸುತ್ತುತ್ತಾನೇ ಇರ್ತೀನಿ. ಆ ಕರೆಂಟು ಅವರ ಖಾತೆಗೆ ಹೋಗ್ಲಿ ಅಂತ."

ಸೊಸೆ ಕೂತು ಪಟ್ಟಿ ಬಿಡಿಸಿದಳು. ಅದು ಮೆತ್ತಗಾಗಿ ಬೆರಳಿಗೇ ಮೆತ್ತಿಕೊಂಡಿತು.

"ಕರಗೋ ವಸ್ತು ಅಂತ ನೀನೇ ಹೇಳಿದ್ಯಲ್ಲ?"

"ಮಣ್ಣಲ್ಲಿ ಕರಗಬೇಕು ಅತ್ತೆ, ನಿಮ್ಮ ಬೆವರಲ್ಲಲ್ಲ."

ಅತ್ತೆಗೆ ನಗು ಬಂತು. ಮೊಣಕಾಲು ನೀವಿಕೊಂಡಾಗ ನಗು ಅಲ್ಲೇ ನಿಂತಿತು.

"ಬಂದ್ಯೇನಮ್ಮಾ?" ಒಳಗಿನಿಂದ ಮಾವನ ದನಿ. "ಪಟ್ಟಿ ತಗೊಂಡು ಬಾ, ಸಂಜೆಯ ಪಾಳಿ ಮುಗಿಸೋಣ."

ಸೊಸೆ ಚೀಲದಿಂದ ಹೊಸ ಪಟ್ಟಿ ತೆಗೆದಳು. ಅತ್ತೆ ಬೇಡವೆಂದು ತಲೆಯಾಡಿಸಿದರು. ಆದರೂ ಅವಳು ಹೋಗಿ ಮಾವನ ಕಾಲಿಗೆ ಅಂಟಿಸಿ, ಅದೇ ಮೀಟರು ಸಿಕ್ಕಿಸಿ, ಮುಳ್ಳನ್ನು ಸೊನ್ನೆಗೆ ತಂದಳು.

ಮಾವ ಹಲ್ಲು ಕಚ್ಚಿದರು. ಮೊಣಕಾಲು ಕೂದಲೆಳೆಯಷ್ಟು ಮಡಚಿತು. ಮುಳ್ಳು ಅಲುಗಲಿಲ್ಲ. ಮತ್ತೊಮ್ಮೆ. ಹಣೆಯ ಮೇಲೆ ಬೆವರು. ಮುಳ್ಳು ಸೊನ್ನೆಯಲ್ಲೇ.

ಈಗ ಪಟ್ಟಿ ಕಿತ್ತು ಬಿಸಾಡುತ್ತಾರೆ ಎಂದು ಸೊಸೆ ಅಂದುಕೊಂಡಳು.

"ಹೊಸದಲ್ವಾ, ಜುಗ್ಗ ಇದು," ಎಂದರು ಮಾವ. "ಹಳೇದು ಧಾರಾಳಿ. ಕೇಳದೇ ಕೊಡ್ತಿತ್ತು." ಹಾಗೆಂದು ಮೀಟರನ್ನು ನೋಡದೆ, ಬಾಗಿಲಲ್ಲಿ ಒದ್ದೆ ಕೈ ಹಿಡಿದು ನಿಂತಿದ್ದ ಹೆಂಡತಿಯನ್ನು ನೋಡಿದರು. "ನೀನು ಸ್ವಲ್ಪ ಕೂತ್ಕೋ ಮಾರಾಯ್ತಿ."

ಅತ್ತೆ ಮಂಚದ ಅಂಚಿಗೆ ಕೂತರು. ಮಾವ ಮತ್ತೆ ಕಾಲು ಮಡಚತೊಡಗಿದರು.

ಹೆಂಡತಿಯ ಈ ಆಟ ಮಾವನಿಗೆ ಎಂದಿನಿಂದ ಗೊತ್ತಿತ್ತೋ, ಗೊತ್ತೇ ಇರಲಿಲ್ಲವೋ, ಹೇಳಲು ಬರುವುದಿಲ್ಲ. ಮುಳ್ಳು ಮುಂದೆ ಎದ್ದಿತೇ ಎಂಬುದೂ ತಿಳಿಯದು.