ಫೋನು ಹಿಡಿದವರ ನಗು

ಲೋಟವನ್ನು ತುಟಿಗೆ ತರುವ ಮುನ್ನ ಕಿವಿಗೆ ಹಿಡಿಯುವ ಮನುಷ್ಯನನ್ನು ನೀವು ನೋಡಿರಲಾರಿರಿ. ಸೋದರಮಾವನ ಮನೆಯಲ್ಲೇ ಬೆಳೆದ ಹುಡುಗಿಯೊಬ್ಬಳಿದ್ದಳು, ಅವಳ ಆ ಮಾವ ಹಾಗೆ ಹಿಡಿಯುತ್ತಿದ್ದ. ತಾನೇ ಹುದುಗೆಬ್ಬಿಸಿ, ತಾನೇ ಸೋಸಿ, ತಾನೇ ಸೀಸೆಗೆ ತುಂಬಿದ ಬಿಯರನ್ನು ಓರೆಯಾಗಿ ಹಿಡಿದ ಗಾಜಿನ ಲೋಟಕ್ಕೆ ಸುರಿದು, ನೊರೆ ಅಂಚಿನವರೆಗೆ ಏರಿ ನಿಂತ ಮೇಲೆ, ಬಂದವರೆಲ್ಲ ತುಟಿ ಚಪ್ಪರಿಸುತ್ತ ಕೂತಿರುವಾಗ, ಈತ ಮಾತ್ರ ಲೋಟವನ್ನು ಎಡಗಿವಿಗೆ ಒತ್ತಿ ಕಣ್ಣು ಮುಚ್ಚುವನು. ಗುಳ್ಳೆಗಳು ಒಂದೊಂದಾಗಿ ಒಡೆಯುವ ಆ ಸದ್ದು, ಗೋಡೆಯಾಚೆ ಜನ ಗುಂಪುಗೂಡಿ ಪಿಸುಗುಟ್ಟಿದಂತೆ ಕೇಳುತ್ತದಂತೆ. ಪಿಸುಮಾತು ನಿಂತ ಮೇಲೆಯೇ ಮೊದಲ ಗುಟುಕು. ಅಷ್ಟರಲ್ಲಿ ಉಳಿದವರು ಎರಡನೆಯ ಲೋಟದ ತಳ ಕಂಡಿರುತ್ತಿದ್ದರು.

ವೃತ್ತಿಯಲ್ಲಿ ಅವನು ಲಿಫ್ಟ್ ರಿಪೇರಿಯವನು. ಆಳು ಎತ್ತರ, ಆದರೆ ಆಯುಷ್ಯದ ಬಹುಭಾಗವನ್ನು ಲಿಫ್ಟಿನ ಇಕ್ಕಟ್ಟಾದ ಬಾವಿಯೊಳಗೆ ತಲೆ ತಗ್ಗಿಸಿಯೇ ಕಳೆದದ್ದರಿಂದ, ಬಟ್ಟಬಯಲಿನಲ್ಲೂ ಮೇಲೊಂದು ತೊಲೆ ಇದೆಯೆಂಬಂತೆ ಕುತ್ತಿಗೆಯನ್ನು ಎಡಕ್ಕೆ ವಾಲಿಸಿಕೊಂಡೇ ನಡೆಯುತ್ತಿದ್ದ. ಬೇಸಿಗೆಯಿರಲಿ ಚಳಿಯಿರಲಿ, ಮೈಮೇಲೆ ಒಂದೇ ಬೂದುಬಣ್ಣದ ಕೋಟು. ಅದರ ಒಂದು ಜೇಬಿನಲ್ಲಿ ಸ್ಪ್ಯಾನರುಗಳು, ಇನ್ನೊಂದರಲ್ಲಿ ಸೀಸೆಯ ಮುಚ್ಚಳಗಳು, ಎದೆಯ ಜೇಬಿನಲ್ಲಿ ಫೋನು. ಇವನು ಮೆಟ್ಟಿಲು ಹತ್ತುತ್ತಿರುವಾಗಲೇ ಘಲ್ ಘಲ್ ಎಂಬ ಸದ್ದು ಮನೆಯೊಳಗೆ ಬರುತ್ತಿದ್ದುದರಿಂದ, ಈ ಮನೆಗೆ ಕರೆಗಂಟೆ ಹಾಕಿಸಿದ್ದು ದಂಡ ಎಂದು ಅವನ ಹೆಂಡತಿ, ಆ ಹುಡುಗಿಯ ಅತ್ತೆ, ಗೊಣಗುತ್ತಿದ್ದಳು. ಯಾರೊಡನೆ ಏನೇ ಮಾತಾಡುತ್ತಿರಲಿ, ನಡುವೆ ಥಟ್ಟನೆ ಬೆರಳೆತ್ತಿ ‘ತಡಿ, ತಡಿ’ ಎನ್ನುವುದು ಅವನ ಚಾಳಿ. ಎಲ್ಲೋ ಏನೋ ಸದ್ದಾಗಿರುತ್ತಿತ್ತು, ಅದು ಅವನಿಗೊಬ್ಬನಿಗೇ ಕೇಳಿರುತ್ತಿತ್ತು. ಜೊತೆಯ ಕೆಲಸಗಾರರು ಅವನ ಹೆಸರನ್ನೇ ಮರೆತು ಕಿವಿಯಣ್ಣ ಎನ್ನುತ್ತಿದ್ದರು.

ಮೂರು ಹುಚ್ಚು ಅವನಿಗೆ: ಬಿಯರು, ಸಂಗೀತ, ಫೋನಿನಲ್ಲಿ ಬರುವ ತಮಾಷೆಯ ವೀಡಿಯೋಗಳು. ಹಿಂಬದಿಯ ಕೋಣೆಯಲ್ಲಿ ಗಾಜಿನ ಜಾಡಿಗಳು ಸಾಲಾಗಿ ಕೂತಿರುತ್ತಿದ್ದವು. ಮೊಳಕೆ ಬಾರ್ಲಿಯ ಕಷಾಯ ಅವುಗಳೊಳಗೆ ಹುದುಗೇಳುತ್ತ, ಮುಚ್ಚಳದ ಮೇಲಿನ ನೀರಿನ ಕೊಳವೆಯಲ್ಲಿ ಬುಳುಕ್, ಬುಳುಕ್ ಎಂದು ಉಸಿರು ಬಿಡುತ್ತಿತ್ತು. ಆ ಜಾಡಿಗಳಿಗೆ ಅವನು ಹಾಡು ಹಾಕಿ ಕೇಳಿಸುತ್ತಿದ್ದ. ಆದರೆ ಸ್ಟುಡಿಯೋದಲ್ಲಿ ಕೂತು ಶುದ್ಧವಾಗಿ ಧ್ವನಿಮುದ್ರಿಸಿದ ಹಾಡುಗಳು ಅವನಿಗೆ ಸಪ್ಪೆ. ತುಂಬಿದ ಸಭೆಯ ಎದುರು ಹಾಡಿದ್ದೇ ಆಗಬೇಕು, ಅದರಲ್ಲಿ ಯಾರೋ ಕುರ್ಚಿ ಸರಿಸಬೇಕು, ಯಾರೋ ಕೆಮ್ಮಬೇಕು. ಹಾಡು ಬಿಟ್ಟು ಕೆಮ್ಮು ಕೇಳ್ತೀಯಲ್ಲ ಮಾವ ಎಂದು ಅವಳು ಒಮ್ಮೆ ಛೇಡಿಸಿದ್ದಕ್ಕೆ ಅವನು ಹೇಳಿದ್ದ: “ಹಾಡೋನು ಹಾಡಿಗೆ ಸೇರಿದೋನು. ಕೆಮ್ಮಿದೋನು ನಮ್ಮೋನು ಕಣಮ್ಮ.”

ವೀಡಿಯೋಗಳಲ್ಲೂ ಇದೇ ಕಥೆ. ಜಾರಿ ಬೀಳುವವರು, ಕನ್ನಡಿ ಕಂಡು ಬೆಚ್ಚುವ ನಾಯಿಗಳು, ಕೇಕಿನ ಮೇಲೆ ಕೂರುವ ಮುದುಕರು, ಇವರ ಮುಖಗಳನ್ನು ಅವನು ನೋಡಿದವನೇ ಅಲ್ಲ. ಕಣ್ಣು ಮುಚ್ಚಿ ಫೋನನ್ನು ಕಿವಿಗೆ ಹಿಡಿದು, ಚಿತ್ರದಲ್ಲಿ ಎಂದೂ ಕಾಣಿಸಿಕೊಳ್ಳದ, ಫೋನು ಹಿಡಿದು ನಿಂತವರ ನಗುವನ್ನು ಕೇಳುತ್ತಿದ್ದ. ಬೀಳುವವನು ಎಲ್ಲ ದೇಶದಲ್ಲೂ ಒಂದೇ ಥರ ಬೀಳುತ್ತಾನೆ, ನಗುವವರು ಮಾತ್ರ ಒಬ್ಬರಂತೆ ಒಬ್ಬರಿಲ್ಲ ಎಂಬುದು ಅವನ ಸಿದ್ಧಾಂತ.

ಹೀಗಿರುವಾಗ ಒಂದು ದಿನ ಅವನು ಬೆರಳೆತ್ತಿ ‘ತಡಿ’ ಎಂದ. ಯಾವುದೋ ದೇಶದ ಯಾವುದೋ ಅಡುಗೆಮನೆಯಲ್ಲಿ ಮೇಕೆಯೊಂದು ನುಗ್ಗಿದ ವೀಡಿಯೋ. ಹಿಂದೆ ನಗುತ್ತಿದ್ದದ್ದು, ಅವನ ಕಿವಿಯ ಪ್ರಕಾರ, ಎರಡು ವರ್ಷದ ಕೆಳಗೆ ತೀರಿಕೊಂಡ ಕೆಳಗಿನ ಮನೆಯ ದರ್ಜಿ. ದರ್ಜಿಯ ಹೆಂಡತಿಯನ್ನು ಕರೆಸಿ ಕೇಳಿಸಿದರು. ಆಕೆ ಕೇಳಿದಳು, ಇನ್ನೊಮ್ಮೆ ಹಾಕಿಸಿ ಕೇಳಿದಳು, “ಕೊನೇಲಿ ಮೂಗೆಳೀತಾರಲ್ಲ, ಅದೂ ಅವರದೇ” ಎಂದು ಹೇಳಿ ಎದ್ದುಹೋದಳು. ಆಮೇಲೆ ಇನ್ನೂ ಕೆಲವರು ಬಂದರು. ಕಳೆದುಕೊಂಡವರ ನಗು ಹೇಗಿತ್ತೆಂದು ಅವರು ನಕ್ಕು ತೋರಿಸುವುದು, ಇವನು ತಲೆಯಾಡಿಸುವುದು, ತಿಂಗಳೊಪ್ಪತ್ತಿನಲ್ಲಿ ಎಲ್ಲಿಂದಲೋ ಹುಡುಕಿ ತರುವುದು. ಸತ್ತವರನ್ನು ಹೀಗೆ ನಗಿಸಿ ಕೂರಿಸಿದರೆ ಬದುಕಿದವರು ಅಳೋದು ಯಾವಾಗ ಎಂದು ಅತ್ತೆ ಕೇಳಿದಳು.

ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಳತೆಯ ಜನ. ಲೋಕದಲ್ಲಿ ಇಷ್ಟು ಕೋಟಿ ಜನ ನಗುವಾಗ ಒಂದರಂತೆ ಇನ್ನೊಂದು ಕೇಳುವುದರಲ್ಲಿ ಏನು ಸೋಜಿಗ ಎಂದು ವಾದಿಸಿದಳು. ಮಾವ ಜಾಡಿಯ ಮುಚ್ಚಳ ಒರೆಸುತ್ತ, ನಗು ನಮ್ಮ ಸ್ವಂತದ್ದಲ್ಲ, ಬಾಡಿಗೆಗೆ ಇರುವಂಥದು ಎಂದ. “ಮನೆ ಬಿದ್ದ ಮೇಲೆ ಅದು ಇನ್ನೊಂದು ಮನೆ ನೋಡಿಕೊಳ್ಳುತ್ತೆ. ನಿನ್ನನ್ನ ನೋಡಿಯೇ ನನಗೆ ಗೊತ್ತಾದದ್ದು.”

ಅದು ಆ ಮನೆಯ ಹಳೆಯ ಕಥೆ. ಅವಳ ತಾಯಿ, ಇವನ ಅಕ್ಕ, ತೀರಿಕೊಂಡಾಗ ಅವಳಿನ್ನೂ ಮಾತು ಕಲಿಯುತ್ತಿದ್ದ ಕೂಸು. ಅಲ್ಲಿಯವರೆಗೆ ಸದ್ದಿಲ್ಲದೆ, ಬಿಕ್ಕಳಿಸಿದಂತೆ ನಗುತ್ತಿದ್ದ ಮಗು. ಕೆಲವು ತಿಂಗಳ ಮೇಲೆ, ಒಂದು ಬೆಳಿಗ್ಗೆ ಒಳಕೋಣೆಯಿಂದ ಸತ್ತವಳ ನಗು ಕೇಳಿಬಂತು: ಮೂರು ಮೆಟ್ಟಿಲು ಹತ್ತಿ, ನಾಲ್ಕನೆಯದರಲ್ಲಿ ಕಾಲು ಜಾರಿದಂತೆ ಥಟ್ಟನೆ ಇಳಿಯುವ ನಗು. ಅಜ್ಜಿಯ ಕೈಯಿಂದ ಪಾತ್ರೆ ಬಿತ್ತು. ಹೋಗಿ ನೋಡಿದರೆ ಮಗು ತನ್ನ ಕಾಲ್ಬೆರಳು ಹಿಡಿದು ನಗುತ್ತಿದೆ. ಅಂದಿನಿಂದ ಆ ಮನೆಯಲ್ಲಿ ಅವಳ ನಗುವಿಗೆ ಒಂದು ಮರ್ಯಾದೆ. ಅವಳು ನಕ್ಕರೆ ಜಗಳಗಳು ಅರ್ಧಕ್ಕೆ ನಿಲ್ಲುತ್ತಿದ್ದವು. ತಾಯಿಯ ಮುಖ ಅವಳಿಗೆ ನೆನಪಿಲ್ಲ, ಧ್ವನಿ ಎಲ್ಲೂ ಉಳಿದಿಲ್ಲ. ತಾಯಿಯದೆಂದು ಅವಳಿಗಿದ್ದದ್ದು ಅದೊಂದೇ. ಅದನ್ನೂ ತಾನು ಕೇಳಲಾರಳು, ಬೇರೆಯವರೇ ಕೇಳಿ ಹೇಳಬೇಕು.

ಆಮೇಲೊಂದು ದಿನ ಮಾವ ವೀಡಿಯೋ ಹಾಕುವುದನ್ನೇ ಬಿಟ್ಟ. ಕೋಟಿನ ಎದೆಯ ಜೇಬಿಗೆ ಗುಂಡಿ ಬಿತ್ತು. ಅವಳು ಸೀನಿದರೆ ಗಾಬರಿಬಿದ್ದು ನೋಡುವನು. ಅಂಗಡಿಗೆ ಹೊರಟರೆ, ತಾನೂ ಅತ್ತಲೇ ಹೋಗುವುದಿತ್ತೆಂದು ಹಿಂದೆಯೇ ಬರುವನು. ಲಿಫ್ಟು ಹತ್ತಬೇಡ, ಮೆಟ್ಟಿಲಲ್ಲೇ ಹೋಗು ಎಂದು ಬೇಡುವನು. ಬಾಳೆಲ್ಲ ಲಿಫ್ಟು ನಂಬಿ ಉಂಡವನ ಬಾಯಲ್ಲಿ ಆ ಮಾತು ಕೇಳಿದ ಮೇಲೆ ಅವಳು ಬಿಡಲಿಲ್ಲ, ಹಿಡಿದು ಕೂರಿಸಿ ಕೇಳಿದಳು. ಅವನು ಎದೆಯ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ.

“ನಿನ್ನ ನಗು ಕೇಳಿದೆ,” ಎಂದ. “ಬೇರೆ ಯಾರದೋ ಮನೇಲಿ.”

ಹಾಕು ಎಂದಳು. ಒಲ್ಲೆ ಎಂದ. ಕೊನೆಗೆ ಗುಂಡಿ ಬಿಚ್ಚಿದ. ದಪ್ಪನೆಯ ಮನುಷ್ಯನೊಬ್ಬ ಎರಡು ಮರಗಳ ನಡುವೆ ಕಟ್ಟಿದ ಜೋಲಿಯನ್ನು ಹತ್ತಲು ಹೋಗಿ, ಅದು ಮಗುಚಿ, ಅಂಗಾತ ಬೀಳುತ್ತಾನೆ. ಹಿಂದೆ ಒಬ್ಬ ಹೆಂಗಸು ನಗುತ್ತಾಳೆ. ಅವಳಿಗೆ ಅದರಲ್ಲಿ ಪರಿಚಯದ ಎಳೆಯೊಂದೂ ಸಿಗಲಿಲ್ಲ. ಯಾರೋ ನಕ್ಕಂತಿತ್ತು, ಅಷ್ಟೆ. ತನ್ನ ನಗುವನ್ನು ತಾನು ಹೇಗೆ ಗುರುತಿಸಬೇಕು? ಅವಳು ಅತ್ತೆಯ ಕಡೆ ತಿರುಗಿದಳು. ಅತ್ತೆ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ನಿಂತಿದ್ದಳು. ಫೋನಿನ ಕಡೆ ನೋಡುತ್ತಿರಲಿಲ್ಲ, ಇವಳ ತುಟಿಗಳನ್ನೇ ನೋಡುತ್ತಿದ್ದಳು, ಅವು ಅಲುಗುತ್ತಿವೆಯೋ ಏನೋ ಎಂಬಂತೆ.

ಹಾಗಾದರೆ ನಾನೀಗ ನಗುತ್ತೇನೆ, ನಕ್ಕರೆ ಅದು ಇನ್ನೂ ನನ್ನಲ್ಲೇ ಇದೆಯೆಂದಾಯಿತು, ಇಬ್ಬರೂ ಕೇಳಿಕೊಳ್ಳಿ ಎಂದು ಅವಳು ಹಟದಿಂದ ಕೂತಳು. ನಗು ಬರಲಿಲ್ಲ. ಮಾವ ತನ್ನ ಭಂಡಾರವನ್ನೆಲ್ಲ ತೆರೆದ. ಊರೂರಿನವರು ಬಿದ್ದು ಬಿದ್ದು, ಹೊಟ್ಟೆ ಹುಣ್ಣಾಗುವಂತೆ ನಕ್ಕ ವೀಡಿಯೋಗಳ ಎದುರು ಅವಳು ಕಲ್ಲಿನಂತೆ ಕೂತಿದ್ದಳು. ಮರುದಿನವೂ ಬರಲಿಲ್ಲ, ಆ ವಾರವೂ ಬರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿಗೆ ತುಟಿ ಅರಳಿಸುವಳು, ತುಟಿಯೇನೋ ಅರಳುವುದು, ಗಂಟಲಲ್ಲಿ ಏನೂ ಇರುತ್ತಿರಲಿಲ್ಲ. ಮಾವನ ಮುಖ ದಿನದಿನಕ್ಕೆ ಬಾಡಿತು. ಹಿಂಬದಿಯ ಕೋಣೆಯಲ್ಲಿ ಹಾಡೂ ನಿಂತಿತು. ಆ ದಿಗಿಲಿನಲ್ಲಿ ಅವನು ಎಂದೂ ಮಾಡದ ತಪ್ಪು ಮಾಡಿದ್ದ: ಹುದುಗು ಪೂರ್ತಿ ಅಡಗುವ ಮೊದಲೇ ಬಿಯರನ್ನು ಸೀಸೆಗೆ ತುಂಬಿ ಮುಚ್ಚಳ ಬಿಗಿದಿದ್ದ.

ರಜೆಯ ಮಧ್ಯಾಹ್ನ, ಒಂದು ಗುಟುಕು ಕುಡಿದರೆ ಗಂಟಲು ಸಡಿಲವಾದೀತೆಂದು ಅವನು ಆ ಸೀಸೆಯೊಂದನ್ನು ತಂದು ಅವಳೆದುರಿಗೆ ಮುಚ್ಚಳ ಎತ್ತಿದ. ಸೀಸೆ ಸಿಡಿಲಿನಂತೆ ಸದ್ದು ಮಾಡಿತು. ನೊರೆ ಒಂದು ಬಿಳಿಯ ಕಂಬವಾಗಿ ಸೂರಿಗೆ ಹೊಡೆದು, ಅಲ್ಲೊಂದು ಕ್ಷಣ ಯೋಚಿಸಿದಂತೆ ನಿಂತು, ನೇರ ಅವನ ನೆತ್ತಿಯ ಮೇಲೆ ಇಳಿಯಿತು. ಹುಬ್ಬು, ಮೂಗು, ಕೋಟು, ಎಲ್ಲ ನೊರೆ. ಅದರೊಳಗಿನಿಂದ ಅವನ ಬೆರಳೊಂದು ಮೇಲೆದ್ದಿತು. “ತಡಿ, ತಡಿ.”

ಅವಳು ನಕ್ಕಳು. ತಡೆಯಲಾರದೆ, ಕುರ್ಚಿಯ ಕೈ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಗುತ್ತ ನಗುತ್ತಲೇ ಅವಳಿಗೆ ಗೊತ್ತಾಯಿತು, ತಾನೊಬ್ಬಳೇ ನಗುತ್ತಿದ್ದೇನೆಂದು.

ಮಾವ ನೊರೆ ಒರೆಸಿಕೊಂಡಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಸೊಸೆಯ ನಗು ತಾನಾಗಿ ತಗ್ಗಿ ನಿಂತ ಮೇಲೆ, ಅವನು ಕಣ್ಣು ತೆರೆದು, ಹೊಸಬರನ್ನು ಒಳಗೆ ಬರಮಾಡಿಕೊಳ್ಳುವಷ್ಟು ಮೆಲ್ಲಗೆ ಕೇಳಿದ:

“ಇದು ಯಾರದಮ್ಮ?”

ಅವಳಿಗೆ ಏನೂ ಆಗಲಿಲ್ಲ. ಈಗಲೂ ಅಂಗಡಿಯಲ್ಲಿದ್ದಾಳೆ, ಆರೋಗ್ಯವಾಗಿದ್ದಾಳೆ, ಲಿಫ್ಟು ಹತ್ತುತ್ತಾಳೆ. ಆ ನಗು ಯಾರದೆಂದು ಮಾವನ ಕಿವಿ ಅವನ ಬದುಕಿನ ಕೊನೆಯವರೆಗೂ ಗುರುತಿಸಲಿಲ್ಲ. ಅಂಥದನ್ನು ಎಲ್ಲೂ ಕೇಳಿಲ್ಲವೆಂದಷ್ಟೇ ಹೇಳುತ್ತಿದ್ದ. ಅವಳು ನಕ್ಕಾಗಲೆಲ್ಲ, ಗುರುತಿಲ್ಲದ ಹಿರಿಯರು ಮನೆಗೆ ಬಂದಂತೆ, ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂರುತ್ತಿದ್ದ. ಅತ್ತೆಯ ಜಗಳಗಳು ಈಗ ಅರ್ಧಕ್ಕೆ ನಿಲ್ಲುವುದಿಲ್ಲ. ಸೊಸೆ ಮಾತ್ರ ಜೋಲಿಯಿಂದ ಬೀಳುವವನ ವೀಡಿಯೋವನ್ನು ತನ್ನ ಫೋನಿಗೆ ಹಾಕಿಸಿಕೊಂಡಿದ್ದಾಳೆ. ಆ ಮನುಷ್ಯ ಬಿದ್ದರೂ ಎದ್ದರೂ ಅವಳಿಗೆ ಲೆಕ್ಕಕ್ಕಿಲ್ಲ. ಅಲ್ಲಿ, ಕಾಣದ ಕಡೆ ನಗುತ್ತ, ಅವ್ವ ಚೆನ್ನಾಗಿದ್ದಾಳೆ.

ಲೋಕದಲ್ಲಿ ಇಂಥವರು ಅಲ್ಲಲ್ಲಿ ಇರುತ್ತಾರೆ. ಎಲ್ಲರೂ ನೋಡುವ ಕಡೆ ನೋಡದೆ, ಎಲ್ಲರ ಬೆನ್ನ ಹಿಂದೆ ನಿಂತವರಿಗೆ ಕಿವಿಗೊಟ್ಟು ಬಾಳುತ್ತಾರೆ. ಅವರು ಹೇಳಿದ್ದು ನಿಜವೋ ಭ್ರಮೆಯೋ ಎಂದು ತೂಗಿ ನೋಡಲು ನಮ್ಮಲ್ಲಿ ತಕ್ಕಡಿಯಿಲ್ಲ. ಆದರೆ ಅಂಥವರೊಬ್ಬರ ಜೊತೆ ಒಂದೇ ಸೂರಿನಡಿ ಇದ್ದವರು, ನಮ್ಮದು ನಮ್ಮದು ಎಂದುಕೊಂಡಿದ್ದರಲ್ಲಿ ಎಷ್ಟು ನಮ್ಮದು ಎಂಬ ಸಂದೇಹದಿಂದ ಮತ್ತೆಂದೂ ಬಿಡುಗಡೆ ಹೊಂದುವುದಿಲ್ಲ. ಮನಸಾರೆ ನಕ್ಕ ಮೇಲೆ, ಯಾರು ನಕ್ಕಿದ್ದು ಎಂದು ತಿರುಗಿ ನೋಡುತ್ತಾರೆ.